ಯಾತ್ರಿಕನ ಹೆಸರಿನ ದೀಪ

ಬಟ್ಟಲಹಾಳದಲ್ಲಿ ದಿನಕ್ಕೊಂದು ಗಳಿಗೆ ಎಲ್ಲವೂ ಸುಮ್ಮನಾಗುತ್ತದೆ.

ಗಳಿಗೆಯೆಂದರೆ ಹಿಂದಿನವರ ಲೆಕ್ಕದಲ್ಲಿ ಇಪ್ಪತ್ತನಾಲ್ಕು ನಿಮಿಷ. ಬೆಳಿಗ್ಗೆ ಎಂಟೂಕಾಲಿಗೆ ಚಾವಡಿಯ ಮುಂದೆ ತೂಗಿಬಿಟ್ಟ ರೈಲುಕಂಬಿಯ ತುಂಡನ್ನು ಮೂರು ಸಲ ಬಡಿಯುತ್ತಾರೆ. ಆಗ ಮನೆಮನೆಯ ಕಂಪ್ಯೂಟರ್ ಶಟ್‌ಡೌನ್ ಆಗುತ್ತದೆ, ಮಿಕ್ಸರ್ ನಿಲ್ಲುತ್ತದೆ. ಆಮೇಲೆ ಟ್ರಾನ್ಸ್‌ಫಾರ್ಮರಿನ ಹಿಡಿಯನ್ನು ಕೆಳಗೆಳೆದು ಇಡೀ ಊರಿನ ಕರೆಂಟನ್ನೇ ತೆಗೆಯುತ್ತಾರೆ. ಹೆಂಗಸರು ಮೊರದಲ್ಲಿ ಜೋಳ ಹಸನು ಮಾಡುತ್ತಾರೆ. ಕೆಲವರು ಲಿಂಗಪೂಜೆಗೆ ಕೂರುತ್ತಾರೆ, ಕೆಲವರು ತಸಬಿಯ ಜಪಮಾಲೆ ಹಿಡಿಯುತ್ತಾರೆ, ಏನೂ ತೋಚದವರು ಕಟ್ಟೆಯ ಮೇಲೆ ಕೂತು ಗುಡ್ಡ ನೋಡುತ್ತಾರೆ. ದೇವರ ಕಣ್ಣಿಗೆ ಈ ಮೂರೂ ಒಂದೇ ಇದ್ದೀತು. ಹದಿನಾರು ವರ್ಷದಿಂದ ಒಂದು ದಿನವೂ ತಪ್ಪಿಲ್ಲ.

ಊರಿನ ಸುತ್ತ ಬಂಡೆಗುಡ್ಡಗಳು ಬಟ್ಟಲಿನ ಅಂಚಿನಂತೆ ನಿಂತಿವೆ. ಹೊರಗಿನ ಲೋಕದ ರೇಡಿಯೊ ಗದ್ದಲ ಅವನ್ನು ದಾಟಿ ಒಳಗಿಳಿಯಲಾರದು. ಅದಕ್ಕೆಂದೇ ಇಲ್ಲಿ ಕೇಳುವ ಕೇಂದ್ರ ಕಟ್ಟಿದರು. ಕೆರೆಯಷ್ಟು ಅಗಲದ ಲೋಹದ ತಟ್ಟೆಯನ್ನು ಆಕಾಶಕ್ಕೆ ಮುಖಮಾಡಿ ನಿಲ್ಲಿಸಿದರು. ಊರವರು ಮೊಬೈಲ್ ಬಿಟ್ಟರು. ಬದಲಿಗೆ ನೆಲದೊಳಗಿನ ಕೇಬಲ್ಲೂ ಮನೆಗೊಂದು ಕಂಪ್ಯೂಟರೂ ಬಂದವು. ಆ ತಟ್ಟೆ ಕೇಳುತ್ತಿದ್ದದ್ದು ಒಂದೇ ದನಿಯನ್ನು. ಇಪ್ಪತ್ತೆರಡು ವರ್ಷದ ಹಿಂದೆ ಹೊರಟು, ಕೊನೆಯ ಗ್ರಹವನ್ನೂ ಹಿಂದೆ ಬಿಟ್ಟು, ಬೆಳಕಿಗೇ ಎಂಟು ಗಂಟೆಯ ದಾರಿಯಾಗುವಷ್ಟು ದೂರ ಸಾಗಿದ್ದ 'ಯಾತ್ರಿಕ' ಎಂಬ ನೌಕೆಯ ದನಿ ಅದು. ಶಕ್ತಿ ಉಳಿಸಲು ಅದು ದಿನಕ್ಕೊಂದು ಗಳಿಗೆ ಮಾತ್ರ ಮಾತಾಡುತ್ತಿತ್ತು.

ಈಗ ನಲವತ್ತೈದು ದಿನದಿಂದ ಅದರ ದನಿ ಕೇಳಿಸಿರಲಿಲ್ಲ.

ಕೇಂದ್ರದ ಕೋಣೆಯಲ್ಲಿ ಹಿರಿಯ ಎಂಜಿನಿಯರ್ ಗಂಗಾಂಬಿಕೆ ಪರದೆಯ ಮುಂದೆ ಕೂತಿದ್ದರು. ಹಣೆಯ ಮೇಲೆ ಬೆಳಗಿನ ವಿಭೂತಿ ಹಾಗೇ ಇತ್ತು. ಯಾತ್ರಿಕನೊಳಗಿನ ಗಡಿಯಾರದ ಹರಳನ್ನು ಯೌವನದಲ್ಲಿ ತಮ್ಮ ಕೈಯಾರೆ ಕೂರಿಸಿದವರು ಅವರು. ಆ ಒಂದು ಹರಳಿನಿಂದಲೇ ನೌಕೆಗೆ ದನಿ, ಅದರಿಂದಲೇ ಕಿವಿ. ಚಳಿ ಹೆಚ್ಚಿದರೆ ಹರಳಿನ ಶ್ರುತಿ ಇಳಿಯುತ್ತದೆ. ಕಿವಿಯೂ ಅದೇ ಶ್ರುತಿಗೆ ಇಳಿಯುತ್ತದೆ. ಅದು ಯಾವ ಶ್ರುತಿಯಲ್ಲಿ ಹಾಡುತ್ತಿದೆಯೆಂದು ಮೊದಲು ಕೇಳಿಸಿಕೊಂಡರೆ ಮಾತ್ರ ಇಲ್ಲಿಂದ ಅದೇ ಶ್ರುತಿಯಲ್ಲಿ ಕೂಗಿ ಕರೆಯಬಹುದು. ನೌಕೆಯ ದೊಡ್ಡ ಪ್ರಸಾರಯಂತ್ರ ಕೆಟ್ಟು, ದನಿ ನಿಂತ ಹತ್ತನೆಯ ದಿನ ಅದು ಮೊದಲೇ ಕಲಿಸಿದ್ದಂತೆ ತಾನಾಗಿ ಸಣ್ಣ ಯಂತ್ರಕ್ಕೆ ಬದಲಾಗಿತ್ತು. ಆ ಸಣ್ಣ ದನಿಯನ್ನು ಇಲ್ಲಿ ಏನೋ ಒಂದು ಗದ್ದಲ ನುಂಗುತ್ತಿತ್ತು.

"ನಾಡಿದ್ದು ಬೆಳಿಗ್ಗೆಯ ಗಳಿಗೆಯೇ ಕೊನೆಯದು," ಎಂದರು ಕೇಂದ್ರದ ಮುಖ್ಯಸ್ಥ ಲೋಬೋ. ಮಂಗಳೂರು ಕಡೆಯ ನಿಧಾನದ ಮನುಷ್ಯ. "ನಲವತ್ತೆಂಟು ದಿನ ಭೂಮಿಯ ಕರೆ ಬಾರದಿದ್ದರೆ ಅದು ತನ್ನ ಹೀಟರ್ ಆರಿಸಿಕೊಂಡು ಮಲಗುತ್ತದೆ. ಮಲಗಿದ್ದು ಏಳುವುದಿಲ್ಲ. ನಮ್ಮ ಕರೆ ಮುಟ್ಟಲು ಎಂಟು ಗಂಟೆ ಬೇಕಲ್ಲ, ನಲವತ್ತೇಳಕ್ಕೇ ಕೂಗಬೇಕು. ಆ ನಲವತ್ತೆಂಟನ್ನು ಯಾರು ಇಟ್ಟದ್ದೋ."

"ನಾನೇ ಸರ್. ಒಂದು ಸಂಖ್ಯೆ ಹೇಳಿ ಅಂದಿದ್ದರು. ನಮ್ಮವ್ವ ನಲವತ್ತೆಂಟು ದಿನದ ಮಂಡಲದ ವ್ರತ ಹಿಡಿಯುತ್ತಿದ್ದಳು. ಅದು ಬಾಯಿಗೆ ಬಂತು."

ಲೋಬೋ ನಗಲಿಲ್ಲ. "ತಟ್ಟೆ ಬಿಚ್ಚಿ ನೋಡಿದೆವು, ರಿಸೀವರ್ ಬದಲಿಸಿದೆವು. ಗದ್ದಲ ನಮ್ಮದಲ್ಲ. ಊರಿನದ್ದೇ ಇರಬೇಕು."

"ಗಳಿಗೆಯಲ್ಲಿ ಊರಿನ ಮೀಟರ್ ಸೊನ್ನೆ ತೋರಿಸುತ್ತದಲ್ಲ?"

"ತೋರಿಸುತ್ತದೆ. ಆದರೂ ಈ ಗೆರೆ ನೋಡಿ. ಒಂಬತ್ತನೇ ದಿನ ನೀವು ಊರಿಗೆ ಹೋಗಿ ಮಾತಾಡಿ ಬಂದಿರಲ್ಲ, ಅದರ ಮರುದಿನದಿಂದ ಏರುತ್ತಾ ಹೋಗಿದೆ. ನಿಮ್ಮ ಭಾಷಣ ಅಷ್ಟು ಜೋರಾಗಿತ್ತೋ ಏನೋ."

ಗಂಗಾಂಬಿಕೆ ಗೆರೆಯನ್ನೇ ನೋಡಿದರು. ಆ ದಿನ ಮಠದ ಬೇವಿನ ಮರದ ಕೆಳಗೆ ನಿಂತು ಅವರು ಹೇಳಿದ್ದು ಇಷ್ಟೇ: ಯಾತ್ರಿಕ ಕಷ್ಟದಲ್ಲಿದ್ದಾನೆ, ಇನ್ನು ಅವನ ದನಿ ಬಹಳ ಸಣ್ಣದು, ಮೌನವನ್ನು ಇನ್ನಷ್ಟು ಜೋಪಾನವಾಗಿ ನಡೆಸಿಕೊಡಿ.

ಮರುದಿನ ರೈಲುಕಂಬಿ ಬಡಿದು ಕರೆಂಟು ಹೋದ ಕೂಡಲೇ ಗಂಗಾಂಬಿಕೆ ಬಾಚಣಿಗೆಯಂಥ ಕೈ ಆಂಟೆನಾ ಹಿಡಿದು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರೊಳಗೆ ಬಂದರು. ಕಿವಿಯಲ್ಲಿ ಜೀರುಂಡೆಗಳ ಹಿಂಡು ಕೂಗುತ್ತಿತ್ತು. ಆಂಟೆನಾ ಎಡಗಡೆಯ ಮನೆಗೆ ತಿರುಗಿದರೂ ಜೀರುಂಡೆ, ಬಲಗಡೆಗೆ ತಿರುಗಿದರೂ ಜೀರುಂಡೆ. ಕದ್ದು ಇಟ್ಟುಕೊಂಡ ಮೊಬೈಲ್ ಆಗಿದ್ದರೆ ಒಂದು ಮನೆಯಲ್ಲಿ ಇರಬೇಕಿತ್ತು. ಇದು ಎಲ್ಲ ಮನೆಗಳಲ್ಲೂ ಇತ್ತು.

ಮೂರನೆಯ ಮನೆಯ ಕಟ್ಟೆಯ ಮೇಲೆ ಮುದುಕಪ್ಪ ಕೂತಿದ್ದ. ಎಂಬತ್ತರ ಹತ್ತಿರದ ವಯಸ್ಸು, ಮಂಡಿ ಹೋಗಿದೆ, ನಾಲಿಗೆ ಹೋಗಿಲ್ಲ.

"ಏನ್ರಿ ಮೇಡಮ್ನೋರ, ಗಳಿಗ್ಯಾಗ ಬಾಚಣಿಗಿ ಹಿಡಕೊಂಡು ಹೊಂಟೀರಿ. ಯಾರ ತಲಿ ಬಾಚೋರು?"

"ಈ ಊರಿನ ತಲೆಯನ್ನೇ ಬಾಚಬೇಕಾಗಿದೆ, ಅಜ್ಜಾರೆ. ಹೇನು ಎಲ್ಲಿದೆ ನೋಡಬೇಕು. ಒಳಗೆ ಬರಬಹುದೇ?"

"ಬರ್ರಿ ಬರ್ರಿ," ಎಂದು ಒಳಗಿನಿಂದಲೇ ಅವನ ಹೆಂಡತಿ ನೀಲವ್ವ ಕರೆದಳು. ಊರಿನ ಭಜನೆಯ ಮೇಳಕ್ಕೆ ಮುಂದಾಳು ಆಕೆ. "ನೀವು ನೋಡಬೇಕು ಅಂತಽ ಇತ್ತು ನನ್ನ ಮನಸಿನ್ಯಾಗ. ನೋಡ್ರಿ, ನಿಮ್ಮ ಯಾತ್ರಿಕನ ಹೆಸರಲೆ ಹಚ್ಚೀನಿ."

ಗೋಡೆಯ ಗೂಡಿನಲ್ಲಿ ಒಂದು ದೀಪ ಉರಿಯುತ್ತಿತ್ತು. ಪ್ಲಾಸ್ಟಿಕ್ಕಿನ ಹಣತೆ, ಪ್ಲಾಸ್ಟಿಕ್ಕಿನ ಜ್ವಾಲೆ. ಒಳಗಿನ ಬೆಳಕು ನಿಜದ ಕುಡಿಯ ಹಾಗೆ ಅಲ್ಲಾಡುತ್ತಿತ್ತು. ಅದರ ಬಾಲದಂಥ ವೈರು ಮೇಜಿನ ಮೇಲಿದ್ದ ಕಂಪ್ಯೂಟರಿನ ಹಿಂದಿನ ಯುಎಸ್‌ಬಿ ಪೋರ್ಟಿಗೆ ಹೋಗಿತ್ತು. ಕಂಪ್ಯೂಟರ್ ಶಟ್‌ಡೌನ್ ಆಗಿ ಪರದೆ ಕಪ್ಪಾಗಿತ್ತು. ದೀಪ ಮಾತ್ರ ಉರಿಯುತ್ತಲೇ ಇತ್ತು. ಗಂಗಾಂಬಿಕೆಯ ಕಿವಿಯಲ್ಲಿ ಜೀರುಂಡೆ ಚೀರಿತು.

"ಶ್ರೀಶೈಲಕ್ಕ ನಡಕೊಂತ ಹೋದೋರ ಹೆಸರಲೆ ನಮ್ಮೂರಾಗ ದೀಪ ಹಚ್ಚತೀವ್ರಿ," ಎಂದಳು ನೀಲವ್ವ. "ಅವರು ಹೊಳ್ಳಿ ಬರೋತನಕ ಅದು ಶಾಂತ ಆಗಬಾರದು. ಇವರು ಹ್ವಾದಾಗ ಮೂವತ್ತೇಳ ದಿನ ಕಾದೀನಿ. ದೀಪ ಇತ್ತು, ಬಂದ್ರು."

"ದೀಪ ನೋಡಿ ಬರಲಿಲ್ಲ ನಾ," ಎಂದ ಮುದುಕಪ್ಪ ಹೊರಗಿನಿಂದ. "ಚಪ್ಪಲಿ ಹರೀತು, ಬಂದೆ."

"ಚಪ್ಪಲಿ ಹರಿಸಿದೋರ ಯಾರು?"

ನೀಲವ್ವ ಮತ್ತೆ ಗಂಗಾಂಬಿಕೆಯ ಕಡೆ ತಿರುಗಿದಳು.

"ಎಣ್ಣಿ ದೀಪಕ್ಕ ಗಾಳಿ, ಇಲಿ ಎಲ್ಲಾ ಕಾಟ. ಈ ದೀಪ ತಂದ್ವಿ. ಗ್ವಾಡಿಗೆ ಹಚ್ಚಿದ್ರ ಗಳಿಗ್ಯಾಗ ಕರೆಂಟ ಹೋಕ್ಕೈತಿ. ಆಗ ಮೌಲಾಸಾಬ ಹೇಳಿದ: ನೀಲವ್ವ, ಹೊಸಾ ಕಂಪ್ಯೂಟರಿನ ಹಿಂದ ಹಚ್ಚು, ಅದು ಬಂದ್ ಆದ್ರೂ ಅಲ್ಲಿ ಜೀವ ಇರತೈತಿ. ಈಗ ಇನ್ನೂರಾ ಹನ್ನೆರಡು ಮನ್ಯಾಗೂ ಹಚ್ಯಾರ. ನೀವು ಕಷ್ಟದಾಗ ಅದಾನ ಅಂದ್ರಲ್ಲ, ಅವತ್ತಿಂದ."

ಗಂಗಾಂಬಿಕೆ ಹೆಡ್‌ಫೋನ್ ಕಳಚಿದರು. ಮನೆಯಲ್ಲಿ ಎಷ್ಟೊಂದು ಮೌನವಿತ್ತು. ಆ ಮೌನದೊಳಗೆ ಕೂತು ಇಡೀ ಊರು ಒಬ್ಬನಿಗಾಗಿ ದೀಪ ಕಾಯುತ್ತಿತ್ತು, ಆ ದೀಪಗಳೇ ಸೇರಿ ಅವನ ದನಿಯನ್ನು ಮುಳುಗಿಸುತ್ತಿದ್ದವು. ಅವರು ನೀಲವ್ವನಿಗೆ ಕೈಮುಗಿದು ಹೊರಬಂದರು.

ಮೌಲಾಸಾಬನದು ಬಸ್‌ಸ್ಟ್ಯಾಂಡಿನ ಎದುರಿನ ರಿಪೇರಿ ಅಂಗಡಿ. ಸಂಗತಿ ಕೇಳಿ ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ನನ್ನಿಂದ ಆತೇನ್ರಿ ಇದು?"

"ನನ್ನಿಂದ ಆಯಿತು. ನಿನ್ನಿಂದಲೂ ಆಯಿತು. ಈಗ ಇಬ್ಬರೂ ಕೂಡಿ ಸರಿ ಮಾಡೋಣ."

"ಈಗಿನ ಮಷೀನು ಶಟ್‌ಡೌನ್ ಅಂದ್ರ ಪೂರಾ ಮಲಗಂಗಿಲ್ರಿ. ಒಂದ ಕಣ್ಣ ತಗದು ಮಲಗತಾವ. ಒಳಗ ಬ್ಯಾಟರಿ ಐತಿ, ಪೋರ್ಟಿಗೆ ಐದು ವೋಲ್ಟು ಹೊಕ್ಕೊಂತಽ ಇರತೈತಿ. ನಿಮ್ಮ ಮೀಟರಿಗೆ ಅದೆಲ್ಲಿ ಕಾಣಬೇಕು? ದೀಪ ಒಂದ ಕಿತ್ತರ ಸಾಲಂಗಿಲ್ಲ. ಮೌಸು, ಕೀಬೋರ್ಡು, ಸ್ಪೀಕರು ಎಲ್ಲಾ ಹಂಗಽ ಮಿಣಮಿಣ ಅಂತಿರತಾವ."

"ಪೋರ್ಟನ್ನೇ ಮಲಗಿಸಬೇಕು."

"ಎರಡ ಕಡೆ ಬದಲಿ ಮಾಡಬೇಕ್ರಿ. ಬೇಗ ಏಳಲಿ ಅಂತ ಅರೆನಿದ್ದಿಗೆ ಹಾಕೋ ಸೆಟಿಂಗ್ ಒಂದು, ಅದನ್ನ ತಗೀಬೇಕು. ಆಮ್ಯಾಲೆ ಮಷೀನು ಶುರು ಆಗೋವಾಗ ಬಯೋಸ್ ಅಂತ ಅದರ ಬುಡದ ಸೆಟಿಂಗಿಗೆ ಹೋಗಿ, ಬಂದ್ ಆದ ಮ್ಯಾಲೆ ಪೋರ್ಟಿಗೆ ಪವರ್ ಬ್ಯಾಡ ಅಂತ ಹೇಳಬೇಕು. ಮನಿಗೆ ಎಂಟ ನಿಮಿಷ." ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. "ಆರು ಮಂದಿ ಕೂಡಿದ್ರ ಸಂಜಿಗೆ ಮುಗೀತೈತಿ. ಭಜನಿ ಮ್ಯಾಳದಾಗ ನಾಕು ಮಂದಿಗೆ ನಾನಽ ಕಲಿಸೀನಿ. ಆದರ ಮೇಡಮ್ನೋರ, ಅವು ಹೋದೋರ ದೀಪ. ಯಾರು ಆರಸತಾರ?"

ಅಂಗಡಿಯ ಕೇಬಲ್ ಫೋನಿನಿಂದ ಕೇಂದ್ರಕ್ಕೆ ಸುದ್ದಿ ಮುಟ್ಟಿದಾಗ ಲೋಬೋ ಕೂಡಲೇ ಹೇಳಿದರು: "ಪಂಚಾಯಿತಿಗೆ ಆದೇಶ ಕಳಿಸುತ್ತೇನೆ. ಮನೆಗೆ ಹೋಗಿ ಕಿತ್ತುಹಾಕಲಿ."

"ಬೇಡಿ ಸರ್. ಆದೇಶಕ್ಕೆ ಕಿತ್ತ ದೀಪವನ್ನು ಯಾರಾದರೂ ಒಬ್ಬರು ಒಳಗಿಟ್ಟು ಹಚ್ಚಿಯೇ ಹಚ್ಚುತ್ತಾರೆ. ಒಂದು ಮನೆಯಲ್ಲಿ ಉಳಿದರೂ ನಾಳೆ ನಮಗೆ ಕೇಳಿಸುವುದಿಲ್ಲ. ಇನ್ನೂರ ಹನ್ನೆರಡು ಮನೆಯೂ ತಾವಾಗಿ ಒಪ್ಪಬೇಕು."

"ಒಪ್ಪುತ್ತಾರೆಯೇ?"

"ಹದಿನಾರು ವರ್ಷ ಒಪ್ಪಿದವರು, ಸರ್."

ಮಧ್ಯಾಹ್ನ ಮಠದ ಬೇವಿನ ಕೆಳಗೆ ಊರು ಸೇರಿತು. ಗಂಗಾಂಬಿಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ಮಿನುಗುವ ಜ್ವಾಲೆಯೊಳಗೆ ಒಂದು ಎಲೆಕ್ಟ್ರಾನಿಕ್ ಚಿಪ್ ಇದೆ, ಅದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಬಡಿದುಕೊಳ್ಳುತ್ತದೆ, ವೈರು ಅದನ್ನು ಹೊರಗೆ ಕೂಗಿ ಹೇಳುತ್ತದೆ. ನಮ್ಮ ಕಿವಿಗೆ ಅದು ಮೌನ, ತಟ್ಟೆಯ ಕಿವಿಗೆ ಸಂತೆ. ನಾಳೆಯ ಗಳಿಗೆಯಲ್ಲಿ ಕೇಳದಿದ್ದರೆ ಯಾತ್ರಿಕನನ್ನು ಮತ್ತೆಂದೂ ಕರೆಯಲಾಗದು. "ತಪ್ಪು ನಿಮ್ಮದಲ್ಲ. ಕಷ್ಟದಲ್ಲಿದ್ದಾನೆ ಎಂದು ಹೇಳಿದವಳು ನಾನು. ಮೌನ ಮಾಡಿ ಎಂದಷ್ಟೇ ಹೇಳಿ ಸುಮ್ಮನಾದೆ. ಪೋರ್ಟು ಉಸಿರಾಡುತ್ತದೆಂದು ತಿಳಿಯಬೇಕಾದವಳು ನಾನು, ತಿಳಿಯಲಿಲ್ಲ."

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡಳು.

"ದಾರ್ಯಾಗ ಇರೋರ ದೀಪ ನಮ್ಮ ಕೈಯಾರೆ ಶಾಂತ ಮಾಡೂದಂದ್ರ," ಎಂದ ಒಬ್ಬ ರೈತ, "ಮ್ಯಾಲಿಂದ ಏನರ ಆದ್ರ ಅದು ನಮ್ಮ ತಲಿಮ್ಯಾಲೆ ಬರಾಂಗಿಲ್ಲೇನ್ರಿ?"

ಗಂಗಾಂಬಿಕೆಯ ಬಳಿ ವಿಜ್ಞಾನದ ಉತ್ತರವಿತ್ತು, ಇಲ್ಲಿ ಕೇಳಿದ್ದು ಬೇರೆ.

ಆಗ ನೀಲವ್ವ ಎದ್ದಳು. ಮನೆಗೆ ಹೋಗಿ ಕಂಪ್ಯೂಟರನ್ನು ಮೌಲಾಸಾಬನ ಕೈಲಿ ಹೊರಿಸಿಕೊಂಡು, ತನ್ನ ಗೂಡಿನ ದೀಪವನ್ನು ಹಾಗೇ ಉರಿಯುತ್ತಿರುವಂತೆ ತಂದಳು. ಬೇವಿನ ಕಟ್ಟೆಯ ಮೇಲೆ ಇಟ್ಟಳು.

"ಶ್ರೀಶೈಲಕ್ಕ ಹೋದೋರ ದೀಪ ಎಲ್ಲಿಂದ ಹಚ್ಚತೀವ್ರೆವ್ವಾ ನಾವು?" ಎಂದು ಹೆಂಗಸರನ್ನು ಕೇಳಿದಳು.

"ಮಗ್ಗಲ ಮನಿ ದೀಪದಿಂದ," ಎಂದರು ನಾಲ್ಕೈದು ಮಂದಿ.

"ಕಡ್ಡಿ ಗೀರಿ ಹಚ್ಚಂಗಿಲ್ಲ. ಒಂದು ದೀಪ ಇನ್ನೊಂದಕ್ಕ ಕೊಡಬೇಕು. ಹೌದಲ್ಲ?" ಸೆರಗಿನ ಗಂಟಿನಿಂದ ಎಣ್ಣೆಯಲ್ಲಿ ಅದ್ದಿದ ಹತ್ತಿಬತ್ತಿಯೊಂದನ್ನು ತೆಗೆದು ಆ ಪ್ಲಾಸ್ಟಿಕ್ ಜ್ವಾಲೆಗೆ ಹಿಡಿದಳು.

ಊರೆಲ್ಲ ನೋಡಿತು. ನೀಲವ್ವನಿಗೆ ಅವಸರವಿರಲಿಲ್ಲ. ಬತ್ತಿ ಬೆಚ್ಚಗೂ ಆಗಲಿಲ್ಲ. ಎಣ್ಣೆಯ ಒಂದು ಹನಿ ಜ್ವಾಲೆಯ ಮೇಲೆ ಇಳಿದು ಕೆಳಗೆ ಜಾರಿತು.

"ಸಾಕು ಬಿಡ, ಕೈ ನೋಯ್ತೈತಿ," ಎಂದ ಮುದುಕಪ್ಪ.

ನೀಲವ್ವ ಬತ್ತಿಯನ್ನು ಕೆಳಗಿಟ್ಟಳು. "ಇದು ದೀಪ ಅಲ್ಲವ್ವಾ. ದೀಪದ ಚಿತ್ರ. ಚಿತ್ರ ಗೂಡಿನ್ಯಾಗ ಇಟ್ಟಿದ್ದು ನಮ್ಮ ತಿಳಿಗೇಡಿತನ. ಅದನ್ನ ತಗದ್ರ ಯಾರಿಗೂ ಏನೂ ಆಗಂಗಿಲ್ಲ. ಯಾತ್ರಿಕನ ದೀಪ ಇನ್ನಾ ಹಚ್ಚಽ ಇಲ್ಲ, ಇವತ್ತು ಹಚ್ಚೂಣು." ತಾನೇ ವೈರನ್ನು ಎಳೆದು ಕಿತ್ತಳು.

ಮಠದೊಳಗೆ ಗದ್ದುಗೆಯ ಮುಂದೆ ಉರಿಯುತ್ತಿದ್ದ ದೀಪದಿಂದ ಆ ಬತ್ತಿಯನ್ನೇ ಹೊತ್ತಿಸಿಕೊಂಡು ಬಂದಳು. ಗಾಳಿಗೆ ಮೌಲಾಸಾಬ ತನ್ನ ಟೋಪಿಯನ್ನು ಮರೆಯಾಗಿ ಹಿಡಿದಿದ್ದ. ಇಡೀ ಊರಿಗೆ ಒಂದೇ ದೀಪ, ಮಠದ ಪಡಸಾಲೆಯಲ್ಲಿ; ಸರದಿಯಂತೆ ಮನೆಗೊಬ್ಬರು ಕಾಯಬೇಕು ಎಂದು ನಿಂತಲ್ಲೇ ತೀರ್ಮಾನವಾಯಿತು. ಅಷ್ಟಾದ ಮೇಲೆ ಯಾರನ್ನೂ ಒಪ್ಪಿಸಬೇಕಾಗಲಿಲ್ಲ. ಆರು ಮಂದಿ ಆರು ಓಣಿ ಹಿಡಿದರು. ಕಂಪ್ಯೂಟರುಗಳು ಒಂದೊಂದಾಗಿ ಎದ್ದು, ಹೇಳಿದ್ದನ್ನು ಕೇಳಿಕೊಂಡು, ಎರಡೂ ಕಣ್ಣು ಮುಚ್ಚಿ ಮಲಗುವುದನ್ನು ಕಲಿತವು. ಸಂಜೆ ಏಳಕ್ಕೆ ಮೌಲಾಸಾಬ ಇನ್ನೂರ ಹನ್ನೆರಡನೆಯ ಮನೆಯ ಹೆಸರಿಗೆ ಗೆರೆ ಎಳೆದ.

ನಲವತ್ತೇಳನೆಯ ಬೆಳಿಗ್ಗೆ. ಕಂಬಿ ಬಡಿಯಿತು, ಕರೆಂಟು ಹೋಯಿತು. ಪರದೆಯ ಮುಂದೆ ಲೋಬೋ ಕೂತರು. ಗಂಗಾಂಬಿಕೆ ಆಂಟೆನಾ ಹಿಡಿದು ಬೇವಿನ ಕಟ್ಟೆಯ ಬಳಿ ನಿಂತರು. ಏನಾದರೂ ಉಳಿದಿದ್ದರೆ ಹುಡುಕುವವರು ಬೇಕಿತ್ತು. ಜೀರುಂಡೆಗಳ ಹಿಂಡು ಇರಲಿಲ್ಲ. ಆದರೆ ಎಲ್ಲೋ ಒಂದು ಒಂಟಿ ಜೀರುಂಡೆ ಕೂಗುತ್ತಿತ್ತು.

ಅವರು ಓಡಿದರು. ಐವತ್ತೈದರ ಹೆಂಗಸು ಸೀರೆ ಎತ್ತಿ ಕಟ್ಟಿ ಓಡುವುದನ್ನು ಓಣಿಯ ನಾಯಿಗಳೂ ಸುಮ್ಮನೆ ನೋಡಿದವು. ದನಿ ಹೆಚ್ಚಿದ ಕಡೆಗೆ ಹೋಗಿ ಹೋಗಿ ನಿಂತದ್ದು ನೀಲವ್ವನ ಮನೆಯಲ್ಲಿ. ಒಂಬತ್ತು ನಿಮಿಷ ಕಳೆದಿತ್ತು.

ಕಂಪ್ಯೂಟರಿನ ಪಕ್ಕ ಕುರ್ಚಿಯಲ್ಲಿ ಮುದುಕಪ್ಪ ಕೂತಿದ್ದ. ಅವನ ಧೋತರದೊಳಗಿಂದ ಒಂದು ವೈರು ಹೊರಟಿತ್ತು.

"ಏನದು ಅಜ್ಜಾರೆ?"

"ಮಂಡಿಗೆ ಕಾವಿನ ಪಟ್ಟಿರಿ," ಎಂದ ಮುದುಕಪ್ಪ ಸಣ್ಣ ದನಿಯಲ್ಲಿ. "ನಿನ್ನಿ ಮೌಲಾ ಬಂದು ಹ್ವಾದ ಮ್ಯಾಲೆ ಇದು ತಣ್ಣಗಾತು. ಬಾಜೂಕ ಹಳದಿ ಬಣ್ಣದ್ದ ಒಂದು ಪೋರ್ಟ್ ಇತ್ತು. ಅದರಾಗ ಹಚ್ಚಿದೆ, ಬೆಚ್ಚಗಾತು. ದೀಪ ಅಷ್ಟಽ ತಗೀರಿ ಅಂದಿದ್ರಿ ಅನ್ಕೊಂಡೆ."

ಯಾವ ಸೆಟಿಂಗಿಗೂ ಬಗ್ಗದ, ಯಾವಾಗಲೂ ಎಚ್ಚರವಿರುವ ಪೋರ್ಟು ಅದು. ಗಂಗಾಂಬಿಕೆ ಕೈ ಮುಂದೆ ಮಾಡುವಷ್ಟರಲ್ಲಿ ಮುದುಕಪ್ಪನೇ ಬಗ್ಗಿ ವೈರನ್ನು ಕಿತ್ತ. "ಇಪ್ಪತ್ತೆರಡ ವರ್ಷ ಚಳಿಯಾಗ ಅದಾನಂತ ಅಂವ. ನನ್ನ ಮಂಡಿ ಒಂದ ಗಳಿಗಿ ತಡೀತೈತಿ."

ಹೆಡ್‌ಫೋನಿನಲ್ಲಿ ಏನೂ ಇರಲಿಲ್ಲ. ಹದಿನಾರು ವರ್ಷದ ಹಿಂದೆ ಇಲ್ಲಿ ಮೊದಲ ಸಲ ಕೇಳಿದ್ದ ಅದೇ ಏನೂ ಇಲ್ಲದಿರುವಿಕೆ. ಇನ್ನು ಅವರು ಮಾಡಬೇಕಾದದ್ದು ಏನೂ ಉಳಿದಿರಲಿಲ್ಲ. ಕೇಂದ್ರಕ್ಕೆ ಓಡಿದರೂ ಗಳಿಗೆ ಮುಗಿದಿರುತ್ತದೆ, ಫೋನಿಗೆ ಕರೆಂಟಿಲ್ಲ. ಮನೆಯ ಮುಂದಿನ ಕಟ್ಟೆಗೆ ಬಂದು ನೀಲವ್ವನ ಪಕ್ಕ ಕೂತರು. ನೀಲವ್ವ ಮೊರದ ಜೋಳದಲ್ಲಿ ಕಲ್ಲು ಆರಿಸುತ್ತಿದ್ದಳು. ಮೊರದ ಒಂದು ಅಂಚನ್ನು ಇವರ ಕಡೆಗೂ ಸರಿಸಿದಳು. ಇಬ್ಬರೂ ಕಲ್ಲು ಆರಿಸಿದರು. ಒಳಗೊಳಗೆ ಗಂಗಾಂಬಿಕೆ ಬೇಡಿಕೊಳ್ಳಲಿಲ್ಲ; ಬೇಡುವಂಥದ್ದನ್ನೆಲ್ಲ ಊರು ಬೇಡಿಯಾಗಿತ್ತು. ಸುಮ್ಮನೆ ಶಿವನ ಹೆಸರು ಹೇಳಿಕೊಂಡರು.

ಕಂಬಿ ಮತ್ತೆ ಬಡಿಯಿತು. ಕರೆಂಟು ಬಂತು. ಗಂಗಾಂಬಿಕೆ ಒಳಗಿನ ಫೋನಿನಿಂದ ಕೇಂದ್ರಕ್ಕೆ ಕರೆ ಮಾಡಿದರು.

"ಹನ್ನೊಂದನೇ ನಿಮಿಷಕ್ಕೆ," ಎಂದರು ಲೋಬೋ. "ಕೂದಲಿನಷ್ಟು ತೆಳ್ಳಗಿನ ಗೆರೆ. ನಮ್ಮ ಲೆಕ್ಕಕ್ಕಿಂತ ನಾನೂರ ಹನ್ನೊಂದು ಹರ್ಟ್ಸ್ ಕೆಳಗೆ. ಎಷ್ಟು ಚಳಿ ಹಿಡಿದಿದೆಯೋ ಪಾಪ. ಕರೆಯಲು ಸಿದ್ಧವಾಗಿದ್ದೇವೆ. ಹರಳಿನವರು ನೀವು, ನೀವೇ ಹೇಳಿ."

"ಅದೇ ಶ್ರುತಿಯಲ್ಲಿ ಕೂಗಿ ಸರ್."

ಅಂದು ಬೆಳಿಗ್ಗೆ ಒಂಬತ್ತಕ್ಕೆ ಬಟ್ಟಲಹಾಳದಿಂದ ಹೊರಟ ಕರೆ ಸಂಜೆ ಐದರ ಸುಮಾರಿಗೆ ಯಾತ್ರಿಕನನ್ನು ಮುಟ್ಟಿರಬೇಕು. ಮುಟ್ಟಿದ್ದು ತಿಳಿದದ್ದು ಮರುದಿನದ ಗಳಿಗೆಯಲ್ಲಿ. ನಲವತ್ತೆಂಟನೆಯ ದಿನ ಎಂಟೂಕಾಲಿಗೆ ಪರದೆಯ ಮೇಲೆ ಆ ತೆಳ್ಳನೆಯ ಗೆರೆ ಮೂಡಿತು, ಸ್ವಲ್ಪ ಹೊತ್ತು ನೇರ ನಡೆಯಿತು, ಆಮೇಲೆ ಎರಡಾಗಿ ಕವಲೊಡೆಯಿತು. ಕೇಳಿಸಿತು ಎನ್ನಲು ಗಂಗಾಂಬಿಕೆ ಇಪ್ಪತ್ತೆರಡು ವರ್ಷದ ಹಿಂದೆ ಅದಕ್ಕೆ ಕಲಿಸಿದ್ದ ಗುರುತು ಅದು. ಲೋಬೋ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಗಂಗಾಂಬಿಕೆ ಪರದೆಗೆ ಕೈಮುಗಿದು, ಗಳಿಗೆ ಮುಗಿಯುವವರೆಗೂ ಹಾಗೇ ಕೂತರು.

ಆಮೇಲೆ ಮಠಕ್ಕೆ ಬಂದರು. ಪಡಸಾಲೆಯಲ್ಲಿ ಹಣತೆ ಉರಿಯುತ್ತಿತ್ತು. ಕಾಯುವ ಸರದಿ ನೀಲವ್ವನ ಮನೆಯದು. ಮುದುಕಪ್ಪ ದೀಪದ ಮಗ್ಗುಲಲ್ಲಿ ಮಂಡಿ ಚಾಚಿ ಕೂತು ಅದರ ಕಾವನ್ನೇ ಹಿಡಿಯುತ್ತಿದ್ದ.

"ಮಾತಾಡಿದನೇನ್ರಿ?" ಎಂದಳು ನೀಲವ್ವ.

"ಮಾತಾಡಿದ. ನಾವು ಕೂಗಿದ್ದು ಕೇಳಿಸಿದೆಯಂತೆ."

"ಹೊಳ್ಳಿ ಯಾವಾಗ ಬರತಾನ?"

ಗಂಗಾಂಬಿಕೆ ಅವಳ ಪಕ್ಕ ಕೂತರು. ಸುಳ್ಳು ಹೇಳುವ ಜಾಗ ಅದಲ್ಲ. "ಬರುವುದಿಲ್ಲ ನೀಲವ್ವ. ಅವನನ್ನು ಕಳಿಸಿದ್ದೇ ಹಾಗೆ. ಅವನು ಹೋಗುತ್ತಲೇ ಇರುತ್ತಾನೆ."

ನೀಲವ್ವ ದೀಪವನ್ನು ನೋಡಿದಳು. ಬೆರಳ ತುದಿಯಿಂದ ಬತ್ತಿಯ ಕರಿ ತೆಗೆದಳು.

"ಹಂಗಾರ," ಎಂದಳು ಗಂಡನ ಕಡೆ ತಿರುಗಿ, "ಎಣ್ಣಿ ಡಬ್ಬಿ ದೊಡ್ಡದ ತರ್ರಿ."